ರಜೆಗೆ ಬಂದ ಮಗ ಆಳಲ್ಲ

ದಸರಾ ರಜೆ ಬೀಳುವ ಹೊತ್ತಿಗೆ ಹರ್ತಿ, ಮುಳಗುಂದ ಸೀಮೆಯ ಎರೆ ಹೊಲಗಳಲ್ಲಿ ಉಳ್ಳಾಗಡ್ಡಿ ಕೀಳಲು ಆಳು ಸಿಗುವುದಿಲ್ಲ. ಗಂಡ–ಹೆಂಡತಿ ಬೇರೆಯಾದ ಕೆಲವು ಮನೆಗಳಲ್ಲಿ ಅಪ್ಪನಿಗೆ ಮಗನ ನೆನಪಾಗುವುದೂ ಸರಿಯಾಗಿ ಆಗಲೇ. ಎಲ್ಲ ಅಪ್ಪಂದಿರೂ ಹೀಗಲ್ಲ, ನಿಜ.

‘ನನ್ನ ಮಗ ನನ್ನ ಹೊಲದಾಗ ದುಡದ್ರ ನಿಮಗೇನ್ರಿ?’ ಎಂದು ಕೇಳುವವರಿಗೆ ಕಾಯ್ದೆಯಲ್ಲಿ ಉತ್ತರವಿದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ತುಂಬದ ಮಕ್ಕಳನ್ನು ಯಾವ ದುಡಿಮೆಗೂ ಹಚ್ಚಬಾರದು ಎನ್ನುತ್ತದೆ. ಮನೆಯ ಕಸುಬಿಗೆ ಒಂದು ಕಿಂಡಿ ಬಿಟ್ಟಿದೆ: ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸಕ್ಕೆ ಮಗು ಕೈಜೋಡಿಸಬಹುದು. 2017ರ ನಿಯಮಗಳು ಆ ಕಿಂಡಿಗೂ ಸರಳು ಹಾಕಿದವು. ದಿನಕ್ಕೆ ಮೂರು ತಾಸು ಮೀರುವಂತಿಲ್ಲ; ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಯಾವ ಕೆಲಸವೂ ಇಲ್ಲ. ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಮಾಡಿದವರಿಗೆ ಈ ಲೆಕ್ಕ ಬೇಗ ತಿಳಿದೀತು. ಮಧ್ಯಾಹ್ನ ಮೊಗ್ಗು ಬಿಡಿಸಿ, ಮರುದಿನ ಬೆಳಿಗ್ಗೆ ಒಂದೊಂದಕ್ಕೂ ಪರಾಗ ಮುಟ್ಟಿಸಬೇಕು. ಅದು ಮೂರು ತಾಸಿಗೆ ಮುಗಿಯುವ ಕೆಲಸವೇ?

ಕಾಯ್ದೆ ಹೇಳುವ ‘ಕುಟುಂಬ’ವೂ ವಿಚಿತ್ರ. ಅಪ್ಪ, ಅವ್ವ, ಅಣ್ಣ–ತಮ್ಮ, ಅಕ್ಕ–ತಂಗಿ, ಕಾಕಾ, ಅತ್ತೆ, ಸೋದರಮಾವ, ಅವ್ವನ ಅಕ್ಕ–ತಂಗಿಯರು ಅದರಲ್ಲಿದ್ದಾರೆ. ಅಜ್ಜ–ಅಜ್ಜಿ ಇಲ್ಲ, ಮಲತಾಯಿಯೂ ಇಲ್ಲ. (ಅಜ್ಜನನ್ನೇ ಬಿಟ್ಟು ಕುಟುಂಬ ಬರೆದವರು ನಮ್ಮ ಕಡೆಯ ಮನೆ ನೋಡಿರಲಿಕ್ಕಿಲ್ಲ.) ಮಗು ಅವ್ವನ ಬಳಿಯೇ ಇರಲಿ ಎಂದು ಕೋರ್ಟು ಹೇಳಿದರೂ ಅಪ್ಪನ ಹೆಸರು ಈ ಪಟ್ಟಿಯಿಂದ ಹೋಗುವುದಿಲ್ಲ. ಆದರೆ ಎರಡನೇ ಹೆಂಡತಿಯ ತವರಿನವರು ನಡೆಸುವ ಖಾನಾವಳಿಯಲ್ಲಿ ಹುಡುಗನಿಂದ ತಾಟು ತೊಳೆಸಿ, ಮನೆಗೆಲಸ ಎಂದು ಜಾರಿಕೊಳ್ಳಲಾಗದು.

ಅಪ್ಪನ ಜೊತೆ ಎಡೆ ಹೊಡೆಯುತ್ತ, ಬುತ್ತಿ ಬಿಚ್ಚಿ ಉಣ್ಣುತ್ತ ಕಳೆದ ಒಂದು ಬೆಳಿಗ್ಗೆಗೆ ನನ್ನ ತಕರಾರಿಲ್ಲ. ಆ ನಂಟು ಬೇರೆಲ್ಲಿ ಸಿಕ್ಕೀತು? ಅಪ್ಪ–ಅವ್ವ ಇಬ್ಬರ ಅಕ್ಕರೆಯೂ ಮಗುವಿನ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಯಶಿತಾ ಸಾಹು ಪ್ರಕರಣದಲ್ಲಿ ಹೇಳಿದೆ. ಹಾಗಾಗಿ ಹೊಲಕ್ಕೆ ಕರೆದೊಯ್ದನೆಂಬ ಸಿಟ್ಟಿಗೆ ಅವ್ವ ಭೇಟಿಯನ್ನೇ ತಪ್ಪಿಸುವುದೂ ಸಲ್ಲ. ‘ತಿಂಗಳಾ ರೊಕ್ಕಾ ಕೊಡತೇನಿ, ದುಡೀಲಿ’ ಎನ್ನುವುದು ಮಾತ್ರ ನಾಚಿಕೆಗೇಡು. ಜೀವನಾಂಶ ಮಗುವಿನ ಪಗಾರಕ್ಕೆ ಕೊಟ್ಟ ಮುಂಗಡವಲ್ಲ.

ಪೊಲೀಸರ ಹೆದರಿಕೆಯಿಂದ ಇದು ನಿಲ್ಲದು. ಹೆತ್ತವರು ಮೊದಲ ಸಲ ತಪ್ಪಿದರೆ ಶಿಕ್ಷೆ ಬಹುಮಟ್ಟಿಗೆ ಇಲ್ಲ, ಮತ್ತೆ ತಪ್ಪಿದರೆ ಹೆಚ್ಚೆಂದರೆ 10,000 ರೂಪಾಯಿ ದಂಡ. ಅದಕ್ಕಿಂತ ಮಗುವನ್ನೇ ಕೇಳುವುದು ಮೇಲು; ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನು ಕೋರ್ಟು ಗಮನಿಸಬಹುದೆಂದು 1890ರ ಪೋಷಕರ ಕಾಯ್ದೆಯೇ ಹೇಳಿದೆ. ನಮ್ಮಲ್ಲಿ ಎಷ್ಟೋ ಜಗಳ ಕೋರ್ಟು ಕಾಣದೆ ಹಿರಿಯರ ಮುಂದೆಯೇ ಮುಗಿಯುತ್ತವೆ. ಅಲ್ಲಿ ಬಂಗಾರ, ಪಾತ್ರೆಗಳ ಲೆಕ್ಕ ಆಗುತ್ತದೆ, ರಜೆ ಯಾರ ಪಾಲಿಗೆ ಎಂಬುದೂ. ರಜೆಯಲ್ಲಿ ಹುಡುಗ ಏನು ಮಾಡಬೇಕು ಎಂಬುದನ್ನೂ ಅದೇ ಕಾಗದದಲ್ಲಿ ಬರೆಯಲಿ. ಬರೆಯುವ ಮೊದಲು ಅವನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ಕೇಳಲಿ.