ಅಂಕೋಲೆಯವರಿಗೆ ಅಭಿವೃದ್ಧಿಯ ಪಾಠ ಬೇಡ

ಬಂದರು ಬೇಡವೆನ್ನುವ ಅಂಕೋಲೆ ತಾಲ್ಲೂಕಿನ ಕೇಣಿಯ ಮೀನುಗಾರರನ್ನು 'ಅಭಿವೃದ್ಧಿ ವಿರೋಧಿಗಳು' ಎಂದು ಕರೆಯುವುದನ್ನು ಇನ್ನಾದರೂ ನಿಲ್ಲಿಸಬೇಕು. ಬೆಂಗಳೂರಿನಿಂದ ಬಂದಿಳಿಯುವ ಮುಖಂಡರ ಪತ್ರಿಕಾಗೋಷ್ಠಿಯಲ್ಲಿ ಅದೇ ಮಾತು, ಟಿ.ವಿ. ಚರ್ಚೆಯಲ್ಲಿ ಅದೇ ಮಾತು. ನಮ್ಮದೇ ಪೇಟೆಯ ಕೆಲವು ಗಣ್ಯರೂ ಈಗ ಅದನ್ನೇ ಕಲಿತಿದ್ದಾರೆ. ಕಾರವಾರ, ಅಂಕೋಲೆಯವರಿಗೆ ಎಲ್ಲದಕ್ಕೂ ತಕರಾರು, ಬಂದರು ಬೇಡ ಅನ್ನುತ್ತಾರೆ, ವಿಮಾನ ನಿಲ್ದಾಣಕ್ಕೆ ಜಾಗ ಕೊಡುವುದಿಲ್ಲ ಅನ್ನುತ್ತಾರೆ, ಇವರನ್ನು ಉದ್ಧಾರ ಮಾಡಲು ದೇವರೇ ಬರಬೇಕು ಎಂದು. 2024ರ ಜುಲೈನಿಂದ 2025ರ ಫೆಬ್ರುವರಿವರೆಗೆ, ಒಂದು ವರ್ಷವೂ ತುಂಬದ ಅವಧಿಯಲ್ಲಿ, ಈ ಎರಡು ತಾಲ್ಲೂಕುಗಳ ಮೇಲೆ ಏನೇನು ಬಂದು ಬಿತ್ತು ಎಂದು ನೋಡಿದವರು ಯಾರೂ ಹೀಗೆ ಮಾತಾಡಲಾರರು.

ಜುಲೈ 16ರ ಬೆಳಿಗ್ಗೆ ಶಿರೂರಿನಲ್ಲಿ ಗುಡ್ಡ ಜರಿದದ್ದು ನಾಡಿಗೆಲ್ಲ ಗೊತ್ತು. ಆ ಜಾಗ ಹೇಗಿತ್ತೆಂಬುದು ಗೊತ್ತಿರುವುದು ಆ ದಾರಿಯಲ್ಲಿ ಓಡಾಡಿದವರಿಗೆ ಮಾತ್ರ. ಒಂದು ಬದಿ ಗುಡ್ಡ, ಇನ್ನೊಂದು ಬದಿ ಗಂಗಾವಳಿ, ನಡುವೆ ರಾಷ್ಟ್ರೀಯ ಹೆದ್ದಾರಿ 66. ಹೊಳೆಯ ದಂಡೆಗೆ ಒಂದು ಚಹಾದಂಗಡಿ. ದೂರದಿಂದ ಬಂದ ಲಾರಿಗಳು ಅಲ್ಲಿ ನಿಲ್ಲುತ್ತಿದ್ದವು. ಚಾಲಕರು ಹೊಳೆಯಲ್ಲಿ ಮಿಂದು, ಚಹಾ ಕುಡಿದು, ಕ್ಯಾಬಿನ್ನಿನಲ್ಲೇ ಒಂದು ನಿದ್ದೆ ತೆಗೆದು ಮುಂದೆ ಹೋಗುತ್ತಿದ್ದರು. ಎದುರಿನ ಗುಡ್ಡದ ಬುಡವನ್ನು ಚತುಷ್ಪಥ ರಸ್ತೆಗಾಗಿ ಕಡಿದಾಗಿ ಕತ್ತರಿಸಿ ಹಾಗೇ ಬಿಟ್ಟಿದ್ದರು. ನಮ್ಮ ಕಡೆ ಹಿತ್ತಲಿನ ದರೆ ಕಡಿದು ಕೊಟ್ಟಿಗೆ ಕಟ್ಟಿದ ಯಾವ ರೈತನನ್ನು ಬೇಕಾದರೂ ಕೇಳಿ, ಮಳೆಗಾಲದಲ್ಲಿ ನೀರು ಕುಡಿದ ದರೆ ಹಾಗೆ ನಿಲ್ಲುವುದಿಲ್ಲ ಎಂದು ಹೇಳುತ್ತಾನೆ. ಅವನಿಗೆ ಗೊತ್ತಿದ್ದದ್ದು ಹೆದ್ದಾರಿ ಪ್ರಾಧಿಕಾರದ ಎಂಜಿನಿಯರುಗಳಿಗೆ ಗೊತ್ತಿರಲಿಲ್ಲವೆಂದರೆ ನಾನು ನಂಬುವುದಿಲ್ಲ. 2009ರ ಅಕ್ಟೋಬರಿನಲ್ಲಿ ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದು 19 ಜನ ಸತ್ತಿದ್ದರು. ಎಚ್ಚರಿಕೆ ಅಂದೇ ಸಿಕ್ಕಿತ್ತು.

ಶಿರೂರಿನಲ್ಲಿ ಹೋದವರು 11 ಮಂದಿ. ಚಹಾದಂಗಡಿಯ ಕುಟುಂಬ ಮಕ್ಕಳ ಸಮೇತ ಹೋಯಿತು. ಮಣ್ಣು ಹೊಳೆಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಗುಡ್ಡ ಇದ್ದದ್ದು ಈಚೆ, ಜೀವ ಹೋದದ್ದು ಆಚೆ ದಡದಲ್ಲೂ. ಕೇರಳದ ಒಬ್ಬ ಲಾರಿ ಚಾಲಕ ತನ್ನ ಲಾರಿಯೊಂದಿಗೆ ಗಂಗಾವಳಿಯ ತಳ ಸೇರಿದ. ಅವನ ಶವ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, 71 ದಿನಗಳ ಮೇಲೆ. ಆ ದಿನವೂ ನಮ್ಮ ಊರಿನ ಇಬ್ಬರು ಸಿಕ್ಕಿರಲಿಲ್ಲ. ನೌಕಾಪಡೆಯ ಮುಳುಗುಗಾರರು ಇಳಿದರು, ಉಡುಪಿಯ ಈಶ್ವರ ಮಲ್ಪೆ ಜೀವದ ಹಂಗು ತೊರೆದು ಇಳಿದರು, ಅವರ ಶ್ರಮಕ್ಕೆ ಕೈ ಮುಗಿಯುತ್ತೇನೆ. ಆದರೆ ಹೊಳೆಯ ಮಣ್ಣು ಎತ್ತಲು ಬೇಕಿದ್ದ ಡ್ರೆಜ್ಜರ್ ಕೊನೆಗೆ ಬಂದದ್ದು ಗೋವಾದಿಂದ. ಪಕ್ಕದಲ್ಲಿ ಕಾರವಾರ ಬಂದರು, ಅದರ ಪಕ್ಕದಲ್ಲಿ ದೇಶದ ಹೆಮ್ಮೆಯ ಕದಂಬ ನೌಕಾನೆಲೆ. ಇಷ್ಟಿದ್ದೂ ಒಂದು ಹೊಳೆಯ ಹೂಳು ತೆಗೆಯಲು ನೆರೆರಾಜ್ಯದ ಯಂತ್ರಕ್ಕೆ ಎರಡು ತಿಂಗಳಿಗೂ ಮೀರಿ ಕಾಯಬೇಕಾಯಿತು.

ಗೋವಾದ ಹೆಸರು ಬಂತಲ್ಲ, ಅಲ್ಲಿಗೇ ಬರುತ್ತೇನೆ. 2011ರ ಜನಗಣತಿಯಲ್ಲಿ ಗೋವಾದ ಜನಸಂಖ್ಯೆ 14.58 ಲಕ್ಷ. ಉತ್ತರ ಕನ್ನಡದ್ದು 14.37 ಲಕ್ಷ. ವಿಸ್ತೀರ್ಣದಲ್ಲಿ ಗೋವಾ 3,702 ಚದರ ಕಿಲೋಮೀಟರ್, ನಾವು ಹತ್ತು ಸಾವಿರ ದಾಟಿದವರು. ಕಾಳಿ ಹೊಳೆ ದಾಟಿ ಸ್ವಲ್ಪ ದೂರ ಹೋದರೆ ಸಿಗುವ ಆ 14 ಲಕ್ಷ ಜನಕ್ಕೆ 40 ಶಾಸಕರಿದ್ದಾರೆ. ತಮ್ಮದೇ ಮುಖ್ಯಮಂತ್ರಿ, ತಮ್ಮದೇ ಬಜೆಟ್, ಎರಡು ವಿಮಾನ ನಿಲ್ದಾಣ, ಬಾಂಬೋಳಿಯಲ್ಲಿ ದೊಡ್ಡ ಸರ್ಕಾರಿ ವೈದ್ಯಕೀಯ ಕಾಲೇಜು. ಈಚೆಗಿನ 14 ಲಕ್ಷ ಜನಕ್ಕೆ ಆರು ಶಾಸಕರು. ಕಾರವಾರ, ಅಂಕೋಲೆ ಎರಡೂ ಸೇರಿ ಒಬ್ಬರೇ. ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಮಿಕ್ಕದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ನಲವತ್ತು ಜನ ಕೂತು ಕೇಳುವ ಕಡೆ ಆಸ್ಪತ್ರೆ ಆಗುತ್ತದೆ. ಆರು ಜನ, ಅದರಲ್ಲೂ ಒಬ್ಬರ ಮುಖ ಒಬ್ಬರು ನೋಡದ ಆರು ಜನ ಇರುವ ಕಡೆ ಅಡಿಗಲ್ಲು ಆಗುತ್ತದೆ.

ಹೃದಯಾಘಾತವಾದರೆ, ತಲೆಗೆ ಪೆಟ್ಟು ಬಿದ್ದರೆ ಇಲ್ಲಿನವರು ಏನು ಮಾಡುತ್ತಾರೆ? ಆಂಬುಲೆನ್ಸ್ ಹತ್ತುತ್ತಾರೆ. ಕಾರವಾರದವರಾದರೆ ಬಾಂಬೋಳಿಗೆ, ಅಂಕೋಲೆಯಿಂದ ದಕ್ಷಿಣದವರಾದರೆ ಮಣಿಪಾಲಕ್ಕೆ, ಮಂಗಳೂರಿಗೆ. ದಾರಿಯಲ್ಲಿ ಜೀವ ಇದ್ದರೆ ಇತ್ತು. 2018ರ ಜನವರಿಯಿಂದ ಗೋವಾ ಸರ್ಕಾರ ಹೊರರಾಜ್ಯದ ರೋಗಿಗಳಿಗೆ ಶುಲ್ಕ ಹಾಕಿತು. ಅವರನ್ನು ನಾನು ದೂರುವುದಿಲ್ಲ, ಅವರ ಜನರ ತೆರಿಗೆಯಲ್ಲಿ ನಡೆಯುವ ಆಸ್ಪತ್ರೆ ಅದು. ನಮ್ಮ ತೆರಿಗೆಯ ಆಸ್ಪತ್ರೆ ಎಲ್ಲಿ ಎಂಬುದಷ್ಟೇ ನನ್ನ ಪ್ರಶ್ನೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರಿನ ಬಳಿ ಟೋಲ್‌ಗೇಟಿಗೆ ಬಡಿದು ನಾಲ್ವರು ಸತ್ತರು. ಇಡೀ ಜಿಲ್ಲೆ ಬೀದಿಗಿಳಿದು ಆಸ್ಪತ್ರೆ ಇಲ್ಲದೆ ಓಟಿಲ್ಲ ಎಂದಿತು. ಅಂದಿನ ಬಿಜೆಪಿ ಸರ್ಕಾರ ಭರವಸೆ ಕೊಟ್ಟಿತು, ಸರ್ಕಾರ ಬದಲಾಯಿತು, ಕಾಂಗ್ರೆಸ್ಸೂ ಭರವಸೆ ಕೊಟ್ಟಿತು. ಕುಮಟೆಯಲ್ಲೋ ಕಾರವಾರದಲ್ಲೋ ಎಂಬ ಜಗಳ ಮಾತ್ರ ನಮಗೆ ಉಳಿಯಿತು. ಆಸ್ಪತ್ರೆ ಕೊಡಿ ಎಂದು ರಸ್ತೆಯಲ್ಲಿ ಕೂತ ಜನ ಅಭಿವೃದ್ಧಿ ವಿರೋಧಿಗಳೇ?

ಶಿರೂರಿನ ಕೆಸರು ಆರುವ ಮೊದಲೇ, ಆಗಸ್ಟ್ 7ರ ನಡುರಾತ್ರಿ, ಕಾಳಿಯ ಹಳೆಯ ಸೇತುವೆ ಕುಸಿಯಿತು. ಕೋಡಿಬಾಗ ಮತ್ತು ಸದಾಶಿವಗಡವನ್ನು ನಲವತ್ತು ವರ್ಷ ಜೋಡಿಸಿದ್ದ ಸೇತುವೆ ಅದು. ಒಂದು ಲಾರಿ ನೀರಿಗೆ ಬಿತ್ತು. ಅದರ ಚಾಲಕನನ್ನು ಕತ್ತಲಲ್ಲಿ ಎತ್ತಿ ಬದುಕಿಸಿದವರು ಪೊಲೀಸರ ಜೊತೆಗೆ ಇಲ್ಲಿನ ಮೀನುಗಾರರು. ಹೌದು, ಅದೇ ಮೀನುಗಾರರು. ಹಗಲು ಹೊತ್ತಿನಲ್ಲಿ ಬಸ್ಸು ಆ ಸೇತುವೆಯ ಮೇಲಿದ್ದಿದ್ದರೆ ಎಂದು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಸಂಚಾರವೆಲ್ಲ ಹೊಸ ಸೇತುವೆಯ ಮೇಲೆ ಬಿತ್ತು. ಹಟ್ಟಿಕೇರಿಯ ಟೋಲ್ ಗೇಟು ಮಾತ್ರ ಇದ್ದಲ್ಲೇ ಇದೆ.

ಇಲ್ಲಿ ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಆ ಜುಲೈನಲ್ಲಿ ಮಲಯಾಳಂ ವಾಹಿನಿಗಳು ಶಿರೂರಿನ ಕೆಸರಿನಲ್ಲಿ ದಿನಗಟ್ಟಲೆ ಬೀಡು ಬಿಟ್ಟಿದ್ದವು. ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಅಲ್ಲೇ ನಿಂತಿದ್ದರು. ಒಬ್ಬ ಲಾರಿ ಚಾಲಕನಿಗಾಗಿ ಕೇರಳದ ಮುಖ್ಯಮಂತ್ರಿ ನಮ್ಮ ಮುಖ್ಯಮಂತ್ರಿಗೆ ಪತ್ರ ಬರೆದರು. ಕನ್ನಡದ ವಾಹಿನಿಗಳು ಆಗ ಪರಪ್ಪನ ಅಗ್ರಹಾರದ ಬಾಗಿಲಲ್ಲಿ ನಿಂತು, ನಟ ದರ್ಶನ್‌ಗೆ ಮನೆಯೂಟ ಸಿಗುತ್ತದೋ ಇಲ್ಲವೋ ಎಂದು ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಿದ್ದವು. ಕರಾವಳಿಯ ಈ ತುದಿ ಕರ್ನಾಟಕದಲ್ಲೇ ಇದೆಯೆಂದು ಬೆಂಗಳೂರಿಗೆ ನೆನಪಾಗುವುದು ಎರಡೇ ಸಲ. ಒಂದು, ಯಾರಾದರೂ ಕಾರವಾರವನ್ನು ಗೋವಾಕ್ಕೆ ಸೇರಿಸಿ ಎಂದು ಕೂಗಿದಾಗ. ಇನ್ನೊಂದು, ಸಮುದ್ರದ ದಂಡೆಯಲ್ಲಿ ಯಾರಿಗಾದರೂ ಜಾಗ ಬೇಕಾದಾಗ. ಗೋವಾಕ್ಕೆ ಸೇರಿಸುವ ಮಾತನ್ನು ನಾನು ಒಪ್ಪಿದವನಲ್ಲ, ಒಪ್ಪುವವನೂ ಅಲ್ಲ. ಮಹಾಜನ ವರದಿಯ ಕಾಲದಿಂದ ಇಲ್ಲಿನ ಜನ ಕನ್ನಡ ನಾಡಿನ ಜೊತೆ ಗಟ್ಟಿಯಾಗಿ ನಿಂತಿದ್ದಾರೆ. ಆ ನಿಷ್ಠೆಯನ್ನು ಪುಕ್ಕಟೆ ಸಿಕ್ಕ ಮಾಲು ಎಂದು ಯಾರೂ ತಿಳಿಯಬಾರದು.

ಆಟದ ಮಾತಿಗೂ ಅದೇ ಕತೆ. 2024ರ ಜೂನ್ 29ರಂದು ಭಾರತ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದಾಗ ತಂಡದ ಜೊತೆ ನಮ್ಮ ಕುಮಟೆಯ ರಾಘವೇಂದ್ರ ಇದ್ದರು. ನೆಟ್ಸ್‌ನಲ್ಲಿ ಕೊಹ್ಲಿ, ರೋಹಿತ್‌ರಂಥವರಿಗೆ ವೇಗದ ಚೆಂಡು ಎಸೆದು ಎಸೆದು ಅವರನ್ನು ಸಜ್ಜು ಮಾಡುವ ರಘು. ಜಿಲ್ಲೆಯೆಲ್ಲ ಹೆಮ್ಮೆಪಟ್ಟಿತು, ನಾನೂ ಪಟ್ಟೆ. ಆದರೆ ಆ ಹುಡುಗ ಕ್ರಿಕೆಟ್ಟಿಗಾಗಿ ಊರು ಬಿಟ್ಟು ಹುಬ್ಬಳ್ಳಿಗೆ ಹೋಗಬೇಕಾಯಿತು, ಬಸ್ ನಿಲ್ದಾಣದಲ್ಲಿ ಮಲಗಬೇಕಾಯಿತು, ಆಮೇಲೆ ಬೆಂಗಳೂರು ಸೇರಬೇಕಾಯಿತು. 2023ರಲ್ಲಿ ಗೋವಾ 37ನೇ ರಾಷ್ಟ್ರೀಯ ಕ್ರೀಡಾಕೂಟವನ್ನೇ ನಡೆಸಿತು. ಮತ್ತೆ ಹೇಳುತ್ತೇನೆ, ನಮ್ಮಷ್ಟೇ ಜನರಿರುವ ಗೋವಾ. ನಮ್ಮಲ್ಲಿ ಕಾರವಾರದ ಮಾಲಾದೇವಿ ಮೈದಾನ, ಅಂಕೋಲೆಯ ಜೈಹಿಂದ್ ಮೈದಾನಗಳಲ್ಲಿ ಹುಡುಗರು ಸಂಜೆ ಬೆವರು ಸುರಿಸುತ್ತಾರೆ. ಅಲ್ಲಿಂದ ಮುಂದೆ ಹೋಗಬೇಕೆಂದರೆ ಊರು ಬಿಡಬೇಕು.

ಇನ್ನು ಕೇಣಿಯ ಬಂದರಿನ ವಿಷಯ. ನಂಬಿ, ಎಲ್ಲ ಕಾನೂನು ಪ್ರಕಾರ ನಡೆಯುತ್ತದೆ ಎನ್ನುತ್ತಾರೆ. ಯಾವ ಊರಿನಲ್ಲಿ ನಿಂತು ಇದನ್ನು ಹೇಳುತ್ತಿದ್ದಾರೆಂಬ ಪರಿವೆ ಅವರಿಗಿದೆಯೇ? ಕೇಣಿಯ ಪಕ್ಕದಲ್ಲೇ ಬೇಲೆಕೇರಿ. 2010ರಲ್ಲಿ ಅಲ್ಲಿ ಅರಣ್ಯ ಇಲಾಖೆ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಹಡಗು ಹತ್ತಿ ಹೋಯಿತು. ಸರ್ಕಾರದ ವಶದಲ್ಲಿದ್ದ ಮಾಲು! ಅದನ್ನು ಹಿಡಿದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರನ್ನೇ ಅಮಾನತು ಮಾಡಲು ಹೊರಟರು. ಆ ಸಿಟ್ಟಿಗೆ ಲೋಕಾಯುಕ್ತ ಸಂತೋಷ್ ಹೆಗ್ಡೆ ಅದೇ ವರ್ಷದ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು, ಆಮೇಲೆ ಹಿಂಪಡೆದರು. ಆ ಪ್ರಕರಣದಲ್ಲಿ ನ್ಯಾಯಾಲಯದ ತೀರ್ಪು ಬಂದದ್ದು 2024ರ ಅಕ್ಟೋಬರಿನಲ್ಲಿ, 14 ವರ್ಷಗಳ ಮೇಲೆ. ಬೆಂಗಳೂರಿನ ವಿಶೇಷ ನ್ಯಾಯಾಲಯ ನಮ್ಮ ಶಾಸಕ ಸತೀಶ್ ಸೈಲ್ ಅವರನ್ನು ತಪ್ಪಿತಸ್ಥರೆಂದು ಹೇಳಿ ಏಳು ವರ್ಷ ಶಿಕ್ಷೆ ವಿಧಿಸಿತು. ನವೆಂಬರಿನಲ್ಲಿ ಹೈಕೋರ್ಟ್ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಮೇಲ್ಮನವಿಯ ವಿಚಾರ ನ್ಯಾಯಾಲಯಕ್ಕೆ ಬಿಟ್ಟದ್ದು. ಶಿರೂರಿನ ಶೋಧದ ದಿನಗಳಲ್ಲಿ ಸೈಲ್ ಸ್ಥಳದಲ್ಲಿದ್ದು ಓಡಾಡಿದ್ದನ್ನು ನಾವೆಲ್ಲ ಕಂಡಿದ್ದೇವೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಾರವಾರ, ಅಂಕೋಲೆಗಳಿಗೆ ವಿಧಾನಸಭೆಯಲ್ಲಿರುವ ಒಂದೇ ಒಂದು ದನಿ, ಶಿರೂರಿನ ಲೆಕ್ಕ ಕೇಳಬೇಕಾದ ಹೊತ್ತಿನಲ್ಲಿ, ಅದಿರಿನ ಪ್ರಕರಣದ ಜಾಮೀನಿಗಾಗಿ ಅಲೆಯಬೇಕಾಯಿತು. ಇದಕ್ಕಿಂತ ದೊಡ್ಡ ನಷ್ಟ ಈ ಕ್ಷೇತ್ರಕ್ಕೆ ಬೇರೆ ಯಾವುದು?

ಅದೇ ವರ್ಷದ ಡಿಸೆಂಬರ್ 16ರಂದು ಹೊನ್ನಳ್ಳಿಯ ತುಳಸಿ ಗೌಡ ತೀರಿಕೊಂಡರು. ಎರಡು ತಿಂಗಳು ತುಂಬುವ ಮೊದಲೇ, ಫೆಬ್ರುವರಿ 13ರಂದು, ಬಡಿಗೇರಿಯ ಸುಕ್ರಿ ಬೊಮ್ಮಗೌಡ ಹೋದರು. ಇಬ್ಬರೂ ಅಂಕೋಲೆಯ ಹಾಲಕ್ಕಿ ಹೆಂಗಸರು, ಇಬ್ಬರೂ ಪದ್ಮಶ್ರೀ. ಒಬ್ಬರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿ ಮಾಡಿ ಸಸಿ ಬೆಳೆಸಿದವರು. ಇನ್ನೊಬ್ಬರು ಸಾವಿರಾರು ಹಾಡು ಕಾಪಾಡಿದವರು, ಊರಿನ ಸಾರಾಯಿ ಅಂಗಡಿಯ ವಿರುದ್ಧ ಎದ್ದು ನಿಂತವರು. ದೆಹಲಿಯಿಂದ ಸಂತಾಪ ಬಂತು, ಬೆಂಗಳೂರಿನಿಂದ ಬಂತು. ಹಾಲಕ್ಕಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ, ಸುಕ್ರಜ್ಜಿ ಬದುಕಿರುವಾಗ ಎಲ್ಲ ವೇದಿಕೆಗಳಲ್ಲೂ ಕೇಳಿಬಂದ ಬೇಡಿಕೆಗೆ ಮಾತ್ರ ಉತ್ತರ ಬರಲಿಲ್ಲ.

ಸುಕ್ರಜ್ಜಿ ಹೋಗಿ ಎರಡು ವಾರವೂ ಆಗಿರಲಿಲ್ಲ, ಕೇಣಿಯಲ್ಲಿ ನಿಷೇಧಾಜ್ಞೆ ಬಂತು. 2023ರ ನವೆಂಬರಿನಲ್ಲಿ ಜೆಎಸ್‌ಡಬ್ಲ್ಯು ಇನ್‌ಫ್ರಾಸ್ಟ್ರಕ್ಚರ್ ಕಂಪನಿಗೆ ಕೊಟ್ಟ 4,119 ಕೋಟಿ ರೂಪಾಯಿ ಅಂದಾಜಿನ, ವರ್ಷಕ್ಕೆ 3 ಕೋಟಿ ಟನ್ ಸರಕಿನ ಬಂದರು ಯೋಜನೆ ಅದು. ಕಡಲಿನಲ್ಲಿ ಸರ್ವೆ ನಡೆಸಲು ಪೊಲೀಸರು ಬಂದು ದಂಡೆ ತುಂಬಿದರು. ಮೀನುಗಾರರು ನೀರಿಗಿಳಿದು ಪ್ರತಿಭಟಿಸಿದರು. ಇವರು ಬಂಗಡೆ, ತಾರ್ಲೆ ಹಿಡಿದು ಅಂದಿನ ಅಕ್ಕಿ ಕೊಳ್ಳುವ ಜನ. ಏಂಡಿ ಬಲೆ ಎಳೆಯಲು ದಂಡೆ ಬೇಕು, ಪಾತಿ ದೋಣಿ ಎಳೆದಿಡಲು ದಂಡೆ ಬೇಕು, ಹೆಂಗಸರಿಗೆ ಮೀನು ಒಣಗಿಸಲು ಅದೇ ಮರಳು ಬೇಕು. ಆ ಮರಳೇ ಹೋದರೆ ಪರಿಹಾರದ ಚೆಕ್ಕು ಎಷ್ಟು ದಿನ ಉಣ್ಣಿಸುತ್ತದೆ? 1986ರಲ್ಲಿ ಅಡಿಗಲ್ಲು ಬಿದ್ದ ಸೀಬರ್ಡ್ ನೌಕಾನೆಲೆ ಯೋಜನೆಗೆ ಮನೆ ಬಿಟ್ಟುಕೊಟ್ಟ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳಲ್ಲಿ ಎಷ್ಟೋ ಮಂದಿ ಪರಿಹಾರಕ್ಕಾಗಿ ಕೋರ್ಟು ಹತ್ತಿ ಇಳಿದು ಮುದುಕರಾದರು. ಕಾರವಾರ ಬಂದರಿನ ವಿಸ್ತರಣೆಗೆ 2020ರ ಜನವರಿಯಲ್ಲಿ ಟ್ಯಾಗೋರ್ ಕಡಲತೀರದಲ್ಲಿ ಜನ ಅಡ್ಡ ನಿಂತದ್ದೂ ಇದೇ ಭಯಕ್ಕೆ. ಇದನ್ನೆಲ್ಲ ಕಣ್ಣಾರೆ ಕಂಡವರು ಕೇಣಿಯವರು. ಮೀನುಗಾರಿಕೆ ಖಾತೆ, ಬಂದರು ಖಾತೆ, ಜಿಲ್ಲೆಯ ಉಸ್ತುವಾರಿ ಮೂರೂ ಮಂಕಾಳ ವೈದ್ಯರ ಕೈಯಲ್ಲೇ ಇವೆ. ಬಂದರಿಗೂ ದೋಣಿಗೂ ಜಗಳ ಬಂದಾಗ ಯಾವ ಖಾತೆಯ ಮಂತ್ರಿಯಾಗಿ ಮಾತಾಡುತ್ತೇನೆಂದು ಅವರು ಕೇಣಿಯ ದಂಡೆಗೆ ಬಂದು ಹೇಳಬೇಕು.

ಗಂಗಾವಳಿಯಿಂದ ಒಂದು ಲಾರಿ ಎತ್ತಲು ಈ ವ್ಯವಸ್ಥೆಗೆ 71 ದಿನ ಬೇಕಾಯಿತು. ಬೇಲೆಕೇರಿಯ ಅದಿರಿನ ತೀರ್ಪಿಗೆ 14 ವರ್ಷ. ಕೇಣಿಗೆ ಪೊಲೀಸರನ್ನು ಕಳಿಸಲು ಒಂದು ಬೆಳಗು ಸಾಕಾಯಿತು. 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿ, ಕರ ಕೊಡದೆ ಜಮೀನು ಕಳೆದುಕೊಂಡು ಜೈಲು ಸೇರಿದವರ ಮೊಮ್ಮಕ್ಕಳಿರುವ ತಾಲ್ಲೂಕು ಇದು. ಇಲ್ಲಿ ನಿಷೇಧಾಜ್ಞೆಗೆ ಯಾರೂ ಹೆದರುವುದಿಲ್ಲ.

ನಮ್ಮ ಆರೂ ಶಾಸಕರು ಮುಂದಿನ ಬೆಳಗಾವಿ ಅಧಿವೇಶನದಲ್ಲಿ ಪಕ್ಷ ಬದಿಗಿಟ್ಟು ಒಟ್ಟಿಗೆ ಎದ್ದು ನಿಲ್ಲಲಿ. ಎರಡೇ ಪ್ರಶ್ನೆ ಕೇಳಲಿ: ಆಸ್ಪತ್ರೆಯಲ್ಲಿ ಮೊದಲ ರೋಗಿ ದಾಖಲಾಗುವ ದಿನಾಂಕ ಯಾವುದು, ಶಿರೂರಿನ ಗುಡ್ಡ ಕಡಿದವರಲ್ಲಿ ಯಾರಿಗೆ ಶಿಕ್ಷೆಯಾಯಿತು. ಉತ್ತರ ಬರುವ ತನಕ ಕೇಣಿಯ ಕಡಲಿಗೆ ಯಾರೂ ಸರ್ವೆ ಯಂತ್ರ ಇಳಿಸಕೂಡದು.