ಬಿದ್ದರೂ ಕಾಲಿಗೆ ನೆಲ ಸಿಗುವ ಕಡಲು



ಹೋದ ವಾರ ನನ್ನ ಅಕ್ಕ ಫೋನ್ ಮಾಡಿದ್ದಳು. "ಲೇ, ನಾನು ಸಮುದ್ರದಲ್ಲಿ ಹಲಗೆ ಮೇಲೆ ನಿಂತೆ ಕಣೇ!" ಅಂದಳು. ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕೂತುಬಿಟ್ಟೆ. ಅಕ್ಕನಿಗೆ ಈಗ 58 ವರ್ಷ. ನಮ್ಮ ಸೋದರಮಾವ ಊರ ಕೆರೆಯಲ್ಲಿ ಮುಳುಗಿ ಹೋದ ಮೇಲೆ ನಮ್ಮಮ್ಮ ನಮ್ಮನ್ನು ನೀರಿನ ಹತ್ತಿರ ಬಿಟ್ಟವರೇ ಅಲ್ಲ. ಆ ಭಯವನ್ನು ಅಕ್ಕ ತನ್ನ ಮಗಳಿಗೂ ಕೊಟ್ಟಿದ್ದಳು. ಮಗಳು ತನ್ನ ಏಳು ವರ್ಷದ ಹುಡುಗಿಯನ್ನು ಈಜು ಕಲಿಯಲು ಕಳಿಸಿರಲಿಲ್ಲ. ಒಡವೆ, ಪಾತ್ರೆಗಳ ಹಾಗೆ ಭಯವೂ ತಾಯಿಯಿಂದ ಮಗಳಿಗೆ ಬರುತ್ತದೆ, ನೋಡಿ!

ಮಗಳು, ಅಳಿಯ ಇರುವುದು ನೆದರ್‌ಲ್ಯಾಂಡ್ಸ್‌ನಲ್ಲಿ. ಈ ಸಲ ರಜೆಗೆ ಅಕ್ಕನನ್ನೂ ಕರೆದುಕೊಂಡು ಬೊನೇರ್ ಎಂಬ ಪುಟ್ಟ ದ್ವೀಪಕ್ಕೆ ಹೋಗಿದ್ದರು. ಆ ದ್ವೀಪ ನೆದರ್‌ಲ್ಯಾಂಡ್ಸ್‌ಗೇ ಸೇರಿದ್ದು. ಆದರೆ ಇರುವುದು ಬಹುದೂರದ ಕೆರಿಬಿಯನ್ ಸಮುದ್ರದಲ್ಲಿ, ವೆನೆಜುವೆಲಾ ದೇಶದ ಉತ್ತರಕ್ಕೆ. ಅದರ ಪೂರ್ವ ತೀರದಲ್ಲಿ ಲಾಕ್ ಎಂಬ ಕೊಲ್ಲಿ ಇದೆ. ಅಲ್ಲಿನ ಸೊರೊಬಾನ್ ಕಡಲ ದಂಡೆ ವಿಂಡ್‌ಸರ್ಫಿಂಗ್ ಕಲಿಯುವವರಿಗೆ ಹೇಳಿ ಮಾಡಿಸಿದ ಜಾಗ.

ಹಾಗೆಂದರೇನು ಅಂತೀರಾ? ಅಗಲವಾದ ಒಂದು ತೇಲುವ ಹಲಗೆ. ಅದರ ಮೇಲೊಂದು ಕಂಬ, ಕಂಬಕ್ಕೆ ಹಾಯಿ. ಕಂಬದ ಬುಡ ಎಲ್ಲ ದಿಕ್ಕಿಗೂ ಬಾಗುತ್ತದೆ. ಹಲಗೆ ಮೇಲೆ ನಿಂತು, ಹಾಯಿ ಹಿಡಿದು, ಗಾಳಿಯ ಬಲದಿಂದಲೇ ಸಾಗಬೇಕು. ಅಮೆರಿಕದ ನ್ಯೂಮನ್ ಡಾರ್ಬಿ 1964ರಲ್ಲಿ ಇಂಥ ಹಲಗೆ ಮಾಡಿದಾಗ ಹಾಯಿ ಹೊಲಿದವರು ಅವರ ಪತ್ನಿ ನವೋಮಿ. ಆದರೂ ಒಲಿಂಪಿಕ್ಸ್‌ನಲ್ಲಿ ಈ ಆಟ ಗಂಡಸರಿಗೆ 1984ರಲ್ಲೇ ಸಿಕ್ಕರೆ, ಹೆಂಗಸರಿಗೆ ಪ್ರತ್ಯೇಕ ಸ್ಪರ್ಧೆ ಸಿಕ್ಕಿದ್ದು 1992ರಲ್ಲಿ!

"ನೀವು ಹೋಗಿ, ನಾನು ದಡದಲ್ಲೇ ಕೂತಿರ್ತೀನಿ" ಅಂದಳಂತೆ ಅಕ್ಕ. ಒಂದು ಗಂಟೆ ಕೂತು ನೋಡಿದಳು. ಬಿದ್ದವರೆಲ್ಲ ನಗುತ್ತಾ ಎದ್ದು ನಿಲ್ಲುತ್ತಿದ್ದರು. ನೀರು ಸೊಂಟದ ಮಟ್ಟ, ಕೆಳಗೆ ಮರಳು. "ಎಲ್ಲರೂ ಬೀಳ್ತಾರೆ, ಯಾರೂ ಮುಳುಗಲ್ಲ" ಎಂದು ಅವಳಿಗೇ ಅನ್ನಿಸಿತು. ಉದ್ದ ತೋಳಿನ ಈಜುಡುಪು, ಮೇಲೆ ತೇಲುವ ಅಂಗಿ, ಕಾಲಿಗೆ ರಬ್ಬರ್ ಬೂಟು ಹಾಕಿಕೊಂಡು ಇಳಿದೇಬಿಟ್ಟಳು.

ಅಲ್ಲಿ ನೀರು ಅಷ್ಟು ಸೌಮ್ಯವಾಗಿರಲು ಕಾರಣವಿದೆ. ಕೊಲ್ಲಿಯ ಬಾಯಿಗೆ ಹವಳದ ದಿಬ್ಬ ಅಡ್ಡ ನಿಂತಿದೆ. ದೊಡ್ಡ ಅಲೆಗಳು ಅದಕ್ಕೆ ಬಡಿದು ಅಲ್ಲೇ ಒಡೆಯುತ್ತವೆ. ಗಾಳಿ ಮಾತ್ರ ಒಳಗೆ ಬರುತ್ತದೆ. ನಾವು ಶಾಲೆಯಲ್ಲಿ ಓದಿದ ವಾಣಿಜ್ಯ ಮಾರುತವೇ ಅದು. ವರ್ಷದ ಬಹುಪಾಲು ಪೂರ್ವದಿಂದ ಬೀಸುತ್ತದೆ. ಕಡಲ ಕಡೆಯಿಂದ ಬರುವುದರಿಂದ, ಕೈಸೋತವರನ್ನು ದಡದತ್ತಲೇ ತಳ್ಳುತ್ತದೆ.

ಕಲಿಯುವ ಕ್ರಮವನ್ನೂ ಅಕ್ಕ ಹೇಳಿದಳು. ಗಾಳಿಗೆ ಬೆನ್ನು ಕೊಟ್ಟು, ಕಂಬದ ಬುಡದ ಆಚೆ ಈಚೆ ಕಾಲಿಟ್ಟು ನಿಲ್ಲಬೇಕು. ನೀರಿನಲ್ಲಿ ಬಿದ್ದಿರುವ ಹಾಯಿಯನ್ನು ಹಗ್ಗದಿಂದ ಎತ್ತುವಾಗ ಸೊಂಟ ಬಗ್ಗಿಸಬಾರದು. ಬಾವಿಯಿಂದ ನೀರು ಸೇದುವ ಆತುರ ಬೇಡ. ಮೊಣಕಾಲು ಮಡಿಸಿ, ಬೆನ್ನು ನೆಟ್ಟಗಿಟ್ಟು, ಮೈಭಾರದಿಂದ ನಿಧಾನವಾಗಿ ಎಳೆಯಬೇಕು. ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ದೂರಕ್ಕೆ ತಿರುಗುತ್ತದೆ, ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆಗೆ. ಗಾಳಿ ಜೋರಾಗಿ ಎಳೆದರೆ ಹಿಂದಿನ ಕೈ ಬಿಟ್ಟುಬಿಡುವುದು. ಹಾಯಿ ತಾನೇ ಸಡಿಲವಾಗುತ್ತದೆ.

ಸ್ವಲ್ಪ ಕಲಿತವರು ಕೊಲ್ಲಿಯಲ್ಲಿ ಇನ್ನಷ್ಟು ದೂರ ಹೋಗಿ, ನಡುವಿಗೆ ಪಟ್ಟಿ ಕಟ್ಟಿ ಹಾಯಿಗೆ ಸಿಕ್ಕಿಸಿಕೊಂಡು ವೇಗವಾಗಿ ಸಾಗುವುದನ್ನು ಅಭ್ಯಾಸ ಮಾಡುತ್ತಾರೆ. ಅಳಿಯ ಅದನ್ನು ಕಲಿಯುತ್ತಿದ್ದನಂತೆ. "ಅವನು ನನಗಿಂತ ಜಾಸ್ತಿ ಸಲ ಬಿದ್ದ" ಎಂದು ಅಕ್ಕ ಖುಷಿಪಟ್ಟಳು.

ನಿಮ್ಮ ಮಕ್ಕಳು ಯಾವುದೇ ಊರಿನಲ್ಲಿ ಇಂಥ ಆಟಕ್ಕೆ ಹೊರಟರೆ ಮೂರು ಪ್ರಶ್ನೆ ಕೇಳಿ: ನೀರು ಎಷ್ಟು ಆಳ? ಅಲೆ ಎಷ್ಟು ದೊಡ್ಡದು? ಗಾಳಿ ಯಾವ ಕಡೆಗೆ ಬೀಸುತ್ತದೆ? ಮೂರನೆಯದನ್ನು ಮರೆಯಲೇಬೇಡಿ. ಗಾಳಿ ನೆಲದಿಂದ ಕಡಲಿಗೆ ಬೀಸುವಾಗ ದಡದ ನೀರು ಹಾಲಿನ ಕೆನೆಯಂತೆ ಶಾಂತವಾಗಿ ಕಾಣುತ್ತದೆ. ಹೊಸಬರಿಗೆ ಅದೇ ಅಪಾಯ. ಹಲಗೆಯನ್ನು ದೂರಕ್ಕೆ ಒಯ್ದುಬಿಡುತ್ತದೆ. ತೇಲುವ ಅಂಗಿ ಇರಲೇಬೇಕು, ಕಲಿಸುವವರು ಹತ್ತಿರವಿರಬೇಕು. ಏನೇ ಆದರೂ ಹಲಗೆ ಬಿಟ್ಟು ಈಜಲು ಹೊರಡಬಾರದು. ತೇಲಿಸಿ ಕಾಪಾಡುವುದು ಅದೇ.

ಅಕ್ಕ ಹನ್ನೊಂದು ಸಲ ಬಿದ್ದಳಂತೆ. ಹನ್ನೆರಡನೆಯ ಸಲ ನಿಂತಿದ್ದು ಎಣಿಸಿ ಇಪ್ಪತ್ತು ಗಳಿಗೆಯೇನಲ್ಲ, ಇಪ್ಪತ್ತು ಮಾರು ದೂರ ಸಾಗುವಷ್ಟು ಹೊತ್ತು. ದಡಕ್ಕೆ ಬಂದವಳೇ ಮಗಳಿಗೆ, "ಊರಿಗೆ ಹೋದ ತಕ್ಷಣ ಮಗೂನ ಈಜಿಗೆ ಸೇರಿಸು. ನಾನು ನಿನಗೆ ಮಾಡಿದ ಹಾಗೆ ನೀನು ಮಾಡಬೇಡ" ಅಂದಳಂತೆ. ಅದನ್ನು ಹೇಳುವಾಗ ಅವಳ ದನಿ ಸ್ವಲ್ಪ ನಡುಗಿತು. ನಾನೂ ಸುಮ್ಮನಿದ್ದೆ.

ಕಡಲಿಗೆ ನಾವೆಲ್ಲ ಹೋಗಲಾಗದು. ಆದರೆ ಹೊಸದನ್ನು ಕಲಿಯುವ ಮಗುವಿಗೆ, ಸೊಸೆಗೆ, ನಮಗೇ ಆದರೂ, ಬಿದ್ದರೆ ಕಾಲಿಗೆ ನೆಲ ಸಿಗುವಂಥ ಜಾಗ ಮನೆಯಲ್ಲೇ ಮಾಡಿಕೊಡಬಹುದಲ್ಲವೇ?

ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.