ಕೊರಿಯಾದ ಹಂದಿಯೂ ನಮ್ಮೂರಿನ ಮೂಗೂ

ನಮ್ಮ ಮಕ್ಕಳು ಈಗ ಕೊರಿಯಾದವರ ಹಾಡು ಹಾಡುತ್ತಾರೆ, ಅವರ ಧಾರಾವಾಹಿ ನೋಡುತ್ತಾರೆ. ಅದಕ್ಕೆ ನಮ್ಮ ತಕರಾರೇನೂ ಇಲ್ಲ. ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು, "ಮಾಷ್ಟ್ರೇ, ಕೊರಿಯಾದವರು ಕೆಂಪು ಕೆಂಪಾಗಿ ಒಂದು ಮಾಂಸ ಹುರಿಯುತ್ತಾರಲ್ಲ, ಎಲೆಯಲ್ಲಿ ಸುತ್ತಿ ತಿನ್ನುವುದು, ಅದನ್ನು ಒಮ್ಮೆಯಾದರೂ ತಿನ್ನಬೇಕು" ಎಂದಳು. ಸುತ್ತ ಕೂತವರೂ ಹೌದು ಹೌದು ಎಂದರು. ಅದು ಹಂದಿ ಮಾಂಸ ಮಕ್ಕಳೇ ಎಂದೆವು. "ಗೊತ್ತುಂಟು ಮಾಷ್ಟ್ರೇ!" ಎಂಬ ಉತ್ತರ ಬಂತು.

ಕಳೆದ ವರ್ಷ ಇದೇ ತರಗತಿಯ ಹುಡುಗನೊಬ್ಬ, ಭಾನುವಾರ ಮನೆಯಲ್ಲಿ ಹಂದಿ ಸುಕ್ಕ ಮಾಡಿದ್ದರು ಎಂದು ಸೋಮವಾರ ಖುಷಿಯಿಂದ ಹೇಳಿದ್ದ. ಬೆಂಚಿನಲ್ಲಿದ್ದ ಮಕ್ಕಳು ಮೂಗು ಹಿಡಿದುಕೊಂಡು ದೂರ ಸರಿದು ಕೂತರು. ಅಂದಿನಿಂದ ಭಾನುವಾರ ಏನು ಊಟ ಎಂದು ಕೇಳಿದರೆ ಅವನದು ಒಂದೇ ಉತ್ತರ, "ಮೀನು". ಆ ದಿನ ನಾವು ಮಕ್ಕಳನ್ನು ಗದರಿಸಿದ್ದೆವು, ಅಷ್ಟೇ. ಅದು ಸಾಲದಾಗಿತ್ತು ಎಂದು ಈಗ ಅನಿಸುತ್ತಿದೆ.

ತಿನ್ನದವರು ತಿನ್ನಬೇಕೆಂದು ನಾವು ಹೇಳುತ್ತಿಲ್ಲ. ಧರ್ಮದ ಕಾರಣಕ್ಕೋ ಮನೆಯ ಪದ್ಧತಿಯಿಂದಲೋ ಬಿಟ್ಟವರ ಮಾತು ಬೇರೆ, ಅವರನ್ನು ಗೌರವಿಸಬೇಕು. ಆದರೆ ಮೊಬೈಲಿನಲ್ಲಿ ಕಂಡರೆ ಬಾಯಲ್ಲಿ ನೀರು, ಪಕ್ಕದ ಬೆಂಚಿನವನು ಹೇಳಿದರೆ ವಾಕರಿಕೆ, ಇದು ಯಾವ ನ್ಯಾಯ ಮಾರಾಯ್ರೆ? ಮಾಂಸ ಒಂದೇ, ಮೆಣಸೂ ಹೆಚ್ಚುಕಡಿಮೆ ಒಂದೇ. ಹಾಗಾದರೆ ಅದರಲ್ಲಿ ಅಂಥದ್ದೇನಿದೆ ಎಂದು ಮನೆಯಲ್ಲಿ ಮಾಡಿಯೇ ನೋಡುವ ಎಂದು ಹೊರಟೆವು.

ಅದರ ಹೆಸರು ಜೇಯುಕ್ ಬೊಕ್ಕುಮ್. ಜೇಯುಕ್ ಎಂದರೆ ಹಂದಿ ಮಾಂಸ, ಬೊಕ್ಕುಮ್ ಎಂದರೆ ಹುರಿದದ್ದು. ಹೆಸರು ಕೇಳಲು ದೊಡ್ಡದಾಗಿದ್ದರೂ ಕೊರಿಯಾದಲ್ಲಿ ಇದು ಹಬ್ಬದ ಅಡುಗೆಯೇನಲ್ಲ. ಆಫೀಸಿನವರು, ಟ್ಯಾಕ್ಸಿ ಓಡಿಸುವವರು ಮಧ್ಯಾಹ್ನ ಸಣ್ಣ ಹೋಟೆಲಿನಲ್ಲಿ ಅನ್ನದ ಜೊತೆ ಉಣ್ಣುವಂಥದ್ದು. ಮಾಂಸವೂ ಅಷ್ಟೇ, ಹೆಚ್ಚಾಗಿ ಕಡಿಮೆ ಬೆಲೆಯ ಮುಂಗಾಲಿನ ಭಾಗವನ್ನು ಬಳಸುತ್ತಾರೆ. ಅಂದರೆ ನಮ್ಮ ಹುಡುಗನ ಮನೆಯ ಸುಕ್ಕದ ಹಾಗೆಯೇ ಅದೂ ದುಡಿಯುವವರ ಊಟ. ಧಾರಾವಾಹಿಯ ಬೆಳಕಿನಲ್ಲಿ ಮಕ್ಕಳಿಗೆ ಅದು ಕಾಣುವುದಿಲ್ಲ.

ಇದರ ಜೀವ ಇರುವುದು ಗೊಚುಜಾಂಗ್ ಎಂಬ ಕೆಂಪು ಹಿಟ್ಟಿನಲ್ಲಿ. ಮೆಣಸಿನ ಪುಡಿ, ಅಂಟಕ್ಕಿ, ಹುದುಗಿಸಿ ಒಣಗಿಸಿದ ಸೋಯಾ ಕಾಳಿನ ಪುಡಿ, ಮೊಳಕೆ ಬಾರ್ಲಿ, ಉಪ್ಪು, ಇಷ್ಟನ್ನು ಕಲಸಿ ಮಣ್ಣಿನ ಭರಣಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಬಾರ್ಲಿಯಿಂದಾಗಿ ಅಕ್ಕಿಯ ಪಿಷ್ಟ ಸಿಹಿಯಾಗುತ್ತದೆ, ಸೋಯಾ ಕಾಳು ರುಚಿ ಕೊಡುತ್ತದೆ. ಕೊರಿಯಾದ ಈ ಜಾಂಗ್ ಮಾಡುವ ವಿದ್ಯೆಯನ್ನು ಯುನೆಸ್ಕೊ 2024ರ ಡಿಸೆಂಬರಿನಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಟೊಮೆಟೊ ಸಾಸಿಗೆ ಖಾರದ ಪುಡಿ ಕಲಸಿದರೆ ಸಾಕು ಎಂದು ಕೆಲವರು ಹೇಳುತ್ತಾರೆ. ಅದೂ ರುಚಿಯಾಗಬಹುದು, ಆದರೆ ಅದನ್ನು ಬೇರೆ ಹೆಸರಿನಿಂದ ಕರೆಯಿರಿ. ಇದೊಂದನ್ನು ಮಾತ್ರ ನಾವು ಆನ್‌ಲೈನಿನಲ್ಲಿ ತರಿಸಿದೆವು.

ಅವರ ಮೆಣಸಿನ ಪುಡಿಗೆ ಬದಲಾಗಿ ಬ್ಯಾಡಗಿ ಮೆಣಸು ಧಾರಾಳ ಸಾಕು. ಅವರದ್ದೂ ಬಣ್ಣ ಜಾಸ್ತಿ, ಖಾರ ಅಷ್ಟಕ್ಕಷ್ಟೆ. ಬೀಜ ತೆಗೆದು ತರಿತರಿಯಾಗಿ ಪುಡಿ ಮಾಡಿಕೊಂಡರಾಯಿತು. ಅಂದ ಹಾಗೆ, ಈ ಮೆಣಸು ಅವರದ್ದೂ ಅಲ್ಲ, ನಮ್ಮದೂ ಅಲ್ಲ. ಎರಡು ಕಡೆಗೂ ಅಮೆರಿಕ ಖಂಡದಿಂದ ಬಂದದ್ದು. ನಮಗೆ ಅದನ್ನು ಪೋರ್ಚುಗೀಸರು ತಂದುಕೊಟ್ಟರು. ಕೊರಿಯಾದಲ್ಲಿ ಯಿ ಸುಗ್ವಾಂಗ್ ಎಂಬ ವಿದ್ವಾಂಸ 1614ರ ತನ್ನ ಗ್ರಂಥದಲ್ಲಿ ಅದನ್ನು ಜಪಾನಿನ ಸಾಸಿವೆ ಎಂಬ ಹೆಸರಿನಿಂದ ಗುರುತಿಸಿದ್ದಾನೆ.

ಇನ್ನು ಅಡುಗೆ. ಅರ್ಧ ಕೆಜಿ ಮಾಂಸ, ಸ್ವಲ್ಪ ಕೊಬ್ಬು ಇರಲೇಬೇಕು. ತೆಳ್ಳಗೆ ಕೊಯ್ಯುವುದೇ ಕಷ್ಟದ ಕೆಲಸ. ನಮ್ಮ ನೆರೆಮನೆಯ ಬಾಯಮ್ಮ ಉಪಾಯ ಹೇಳಿಕೊಟ್ಟರು, ಮುಕ್ಕಾಲು ಗಂಟೆ ಫ್ರೀಜರಿನಲ್ಲಿಟ್ಟು ಗಟ್ಟಿಯಾದ ಮೇಲೆ ಕೊಯ್ಯಿರಿ ಎಂದು. ಎರಡು ದೊಡ್ಡ ಚಮಚ ಗೊಚುಜಾಂಗ್, ಒಂದು ಚಮಚ ಬ್ಯಾಡಗಿ ಪುಡಿ, ಒಂದೂವರೆ ಚಮಚ ಸೋಯಾ ಸಾಸ್, ಒಂದು ಚಮಚ ಸಕ್ಕರೆ, ಜಜ್ಜಿದ ಏಳೆಂಟು ಎಸಳು ಬೆಳ್ಳುಳ್ಳಿ, ತುಂಡು ಶುಂಠಿ, ಚಿಟಿಕೆ ಕಾಳುಮೆಣಸು. ಕಲಸಿ ಅರ್ಧ ಗಂಟೆ ಬಿಡಿ. ಬೇರೆ ಉಪ್ಪು ಬೇಡ, ಹಿಟ್ಟಿನಲ್ಲೂ ಸಾಸಿನಲ್ಲೂ ಬೇಕಾದಷ್ಟಿದೆ.

ಮೊದಲ ಸಲ ನಾವು ಎಲ್ಲವನ್ನೂ ಒಟ್ಟಿಗೆ ಬಾಣಲೆಗೆ ಸುರಿದೆವು. ಮಾಂಸ ನೀರು ಬಿಟ್ಟಿತು, ಹುರಿಯುವುದು ಹೋಗಿ ಬೇಯತೊಡಗಿತು, ಕೊನೆಗೆ ಆದದ್ದು ಸಾರು. ನೀರು ಇಂಗಲಿ ಎಂದು ಉರಿ ಹೆಚ್ಚಿಸಿ ಬಿಟ್ಟರೆ ತಳ ಹಿಡಿಯಿತು, ಅದರಲ್ಲಿ ಸಿಹಿ ಉಂಟಲ್ಲ. ನಮ್ಮ ಮನೆಯವರು ಬಾಣಲೆ ತಿಕ್ಕುತ್ತಾ ಹೇಳಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಎರಡನೆಯ ಸಲ ಕಬ್ಬಿಣದ ಬಾಣಲೆಯನ್ನು ಚೆನ್ನಾಗಿ ಕಾಯಿಸಿ, ಮಾಂಸವನ್ನು ಎರಡು ಪಾಲು ಮಾಡಿ, ಒಂದೊಂದು ಪಾಲನ್ನೇ ಹಾಕಿ ಕೈಬಿಡದೆ ಮಗುಚಿದೆವು. ತೆಳ್ಳಗಿದ್ದರೆ ಐದಾರು ನಿಮಿಷ ಸಾಕು. ಆದರೂ ಒಳಗೆ ಕೆಂಪು ಉಳಿಯದಂತೆ ನೋಡಿಕೊಳ್ಳಿ, ಹಂದಿ ಮಾಂಸ ಅರೆಬೆಂದಿರಬಾರದು. ಆಮೇಲೆ ಎರಡು ಪಾಲನ್ನೂ ಸೇರಿಸಿ ಉದ್ದುದ್ದ ಹೆಚ್ಚಿದ ನೀರುಳ್ಳಿ, ಕ್ಯಾರೆಟ್ ಹಾಕಿ, ನೀರುಳ್ಳಿ ಪೂರ್ತಿ ಮೆತ್ತಗಾಗುವ ಮೊದಲೇ ಇಳಿಸಿದೆವು.

ಅವರು ಕೊನೆಗೆ ಎಳ್ಳೆಣ್ಣೆ ಹಾಕುತ್ತಾರೆ, ಆದರೆ ಅದು ಹುರಿದ ಎಳ್ಳಿನಿಂದ ತೆಗೆದದ್ದು. ನಮ್ಮ ಅಂಗಡಿಯ ಎಳ್ಳೆಣ್ಣೆಗೆ ಆ ಪರಿಮಳ ಇಲ್ಲ. ಬಿಳಿ ಎಳ್ಳನ್ನು ಹುರಿದು, ಕೈಯಲ್ಲಿ ತಿಕ್ಕಿ ಉದುರಿಸಿದೆವು. ಸುತ್ತಿ ತಿನ್ನಲು ಲೆಟಿಸ್ ಎಲೆ ಇಲ್ಲಿ ಎಲ್ಲಿ ಸಿಗಬೇಕು? ಕೊರಿಯಾದವರು ಹಬೆಯಲ್ಲಿ ಬೇಯಿಸಿದ ಕ್ಯಾಬೇಜ್ ಎಲೆಯಲ್ಲೂ ಸುತ್ತುತ್ತಾರೆ, ನಾವೂ ಹಾಗೆಯೇ ಮಾಡಿದೆವು. ಕುಚ್ಚಲಕ್ಕಿ ಅನ್ನ ಮಾತ್ರ ಇದಕ್ಕೆ ಹೊಂದಲಿಲ್ಲ. ಅವರ ಅನ್ನ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ನಮ್ಮದು ಎಲೆಯಿಂದ ಉದುರುತ್ತದೆ. ಬೆಳ್ತಿಗೆ ಅನ್ನ ಸ್ವಲ್ಪ ಮೆತ್ತಗೆ ಮಾಡಿದರೆ ಆಗುತ್ತದೆ.

ರುಚಿ? ನಾವು ಅಂದುಕೊಂಡಷ್ಟು ಖಾರ ಇಲ್ಲ. ಮೊದಲು ಸಿಹಿ, ಹಿಂದಿನಿಂದ ಖಾರ, ಅದರ ಹಿಂದೆ ಹುಳಿಹುಳಿ ಹುದುಗಿದ ವಾಸನೆ. ಚೆನ್ನಾಗಿದೆ. ಬಾಯಮ್ಮನವರಿಗೂ ಒಂದು ತಟ್ಟೆ ಕೊಟ್ಟೆವು. ತಿಂದು, "ವಿನೆಗರ್ ಹಾಕದ ಹಂದಿ ಎಂಥ ಹಂದಿ ಮಾಷ್ಟ್ರೇ" ಎಂದರು. ತಟ್ಟೆ ಮಾತ್ರ ಖಾಲಿಯಾಗಿತ್ತು. ಮರುದಿನ ಅವರ ಮನೆಯಿಂದ ಹಂದಿ ಬಫಾತ್ ಬಂತು. ಎರಡರಲ್ಲಿ ಒಂದನ್ನು ಆರಿಸಿ ಎಂದರೆ ನಮ್ಮ ಓಟು ಬಫಾತಿಗೇ.

ಸೋಮವಾರ ತರಗತಿಯಲ್ಲಿ ಇದನ್ನೆಲ್ಲ ಹೇಳಿದೆವು, ತಳ ಹಿಡಿದದ್ದನ್ನೂ ಸೇರಿಸಿ. ಮಕ್ಕಳು ನಕ್ಕರು. ಕ್ಯಾಬೇಜ್ ಎಲೆಯನ್ನು ಎಷ್ಟು ಹೊತ್ತು ಬೇಯಿಸಬೇಕು ಎಂದು ಆ ಹುಡುಗಿ ಕೇಳಿದಳು. ಹಿಂದಿನ ಬೆಂಚಿನಲ್ಲಿದ್ದ ನಮ್ಮ "ಮೀನು" ಹುಡುಗ ಮೆಲ್ಲಗೆ ಎದ್ದು ನಿಂತು, "ನಮ್ಮ ಅಮ್ಮ ತಳ ಹಿಡಿಯದ ಹಾಗೆ ಮಾಡುತ್ತಾರೆ ಮಾಷ್ಟ್ರೇ" ಎಂದ. ಹೇಗೆ ಎಂದು ಕೇಳಿದೆವು. ಅವನು ಹೇಳತೊಡಗಿದ. ಬೆಂಚಿನಲ್ಲಿ ಒಬ್ಬ ಮೂಗಿನವರೆಗೆ ಕೈ ಒಯ್ದದ್ದು ಕಂಡಿತು. ಅವನ ಹತ್ತಿರ ಹೋಗಿ ನಿಂತೆವು, ಕೈ ಇಳಿಸಿದ.